ಹಾಸುಬಂಡೆಯ ಮೇಲಿನ ತೆಳುಮಣ್ಣು

ಮೊದಲ ಮಳೆ ಬಿದ್ದ ಸಂಜೆ. ತೋಟದಂಚಿನ ಹಾಸುಬಂಡೆಯ ಮೇಲೆ ಕೂತು ಮಣ್ಣಿನ ವಾಸನೆ ಹೀರುತ್ತಿದ್ದೇನೆ. ಈ ಘಮ ಬಹುಪಾಲು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣುಜೀವಿಗಳದು. ಅವುಗಳ ನೆಂಟನೊಬ್ಬ 1950ರ ದಶಕದಲ್ಲಿ ಬೋರ್ನಿಯೊ ಕಾಡಿನ ಮಣ್ಣಲ್ಲಿ ಸಿಕ್ಕ. ಅವನಿಂದ ವ್ಯಾಂಕೊಮೈಸಿನ್ ಎಂಬ ಪ್ರತಿಜೀವಕ ಔಷಧ ಬಂತು.

ಬಂಡೆಯ ಮೇಲೆ ಎರಡು ಬೆರಳು ಮಣ್ಣು, ಕೆಳಗೆ ಬರಿ ಕಲ್ಲು. ಕಾಲಿನ ಹರಡೂ ಹೀಗೇ. ಮುಂಭಾಗ ಒತ್ತಿ ನೋಡಿ: ಚರ್ಮ, ಬಿಗಿದ ಹಗ್ಗದಂಥ ಸ್ನಾಯುರಜ್ಜು, ಕೂಡಲೇ ಎಲುಬು. ತೊಡೆಯಲ್ಲಿರುವಂಥ ಮಾಂಸದ ಹೊದಿಕೆಯಿಲ್ಲ. ಸವೆದ ಕೀಲು ತೆಗೆದು ಲೋಹದ್ದು ಕೂರಿಸಲು ಸಾಮಾನ್ಯವಾಗಿ ಕೊಯ್ಯುವುದು ಇಲ್ಲೇ. ಗಾಯ ಬಿರಿದರೆ ಸೋಂಕಿಗೆ ನೇರ ದಾರಿ.

ಆಮೇಲೆ ಏನಾಗುತ್ತದೆಂದು ತಿಳಿಯಲು ಹಳ್ಳಕ್ಕಿಳಿದು ಕಲ್ಲೊಂದನ್ನು ಸವರಬೇಕು. ನೀರು ಹಗಲಿರುಳು ತೊಳೆದರೂ ಅದರ ಮೇಲಿನ ಲೋಳೆ ಹೋಗಿಲ್ಲ. ಉಗುರಿನಿಂದ ಕೆರೆದರಷ್ಟೇ ಎದ್ದುಬರುತ್ತದೆ. ಲೋಹದ ಕೀಲಿನ ಮೇಲೂ ಬ್ಯಾಕ್ಟೀರಿಯಾಗಳು ಇಂಥದೇ ಪದರ ಕಟ್ಟುತ್ತವೆ. ಕಟ್ಟಿ ಬಲಿತರೆ ಔಷಧಕ್ಕೆ ಜಗ್ಗವು, ಎಷ್ಟೋ ಸಲ ಕೀಲನ್ನೇ ಬಿಚ್ಚಬೇಕಾಗುತ್ತದೆ. ಹಾಗಾಗಿ ಅವು ಬರುವ ಮೊದಲೇ ಔಷಧ ಅಲ್ಲಿರಬೇಕು.

ತಲುಪಿಸುವ ದಾರಿಗಳು ಹಲವು. ಕೊಯ್ಯುವ ಮುಂಚಿನ 60 ನಿಮಿಷದೊಳಗೆ ರಕ್ತನಾಳಕ್ಕೆ ಸೆಫಜೋಲಿನ್ ಎಂಬ ಪ್ರತಿಜೀವಕ ಕೊಡುವುದು ಎಲ್ಲಕ್ಕೂ ತಳಹದಿ. ರಕ್ತ ತಡೆಯುವ ಪಟ್ಟಿಯನ್ನು ಕಾಲಿಗೆ ಬಿಗಿದ ಮೇಲೆ ಕೊಟ್ಟರೆ ತೂಬು ಮುಚ್ಚಿ ಗದ್ದೆಗೆ ನೀರು ಹಾಯಿಸಿದಂತೆ. ಕೀಲನ್ನು ಎಲುಬಿಗೆ ಕೂಡಿಸುವ ಮೂಳೆ ಸಿಮೆಂಟಿಗೆ ಜೆಂಟಾಮೈಸಿನ್ ಎಂಬ ಪ್ರತಿಜೀವಕ ಬೆರೆಸುವ ಉಪಾಯ 1970ರ ಸುಮಾರಿಗೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ಶಸ್ತ್ರವೈದ್ಯ ಬುಖೋಲ್ಟ್ಸ್ ತಂದದ್ದು; ಆದರೆ ಹರಡಿನ ಎಷ್ಟೋ ಕೀಲುಗಳು ಸಿಮೆಂಟಿಲ್ಲದೆಯೇ ಎಲುಬಿಗೆ ಬೆಸೆಯುತ್ತವೆ. ಗಾಯ ಹೊಲಿಯುವ ಮುನ್ನ ಸುಮಾರು 1 ಗ್ರಾಂ ವ್ಯಾಂಕೊಮೈಸಿನ್ ಪುಡಿ ಉದುರಿಸುವುದು ಮತ್ತೊಂದು ದಾರಿ. ಗಾಯದಲ್ಲಿ ಅದು ದಟ್ಟವಾಗಿ ನಿಲ್ಲುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ಪಟ್ಟಿ ಬಿಗಿದ ಮೇಲೆ ಕಾಲಿನ ಎಲುಬಿನೊಳಕ್ಕೇ 500 ಮಿಲಿಗ್ರಾಂ ವ್ಯಾಂಕೊಮೈಸಿನ್ ಕೊಡುವ ಕ್ರಮವೂ ಇದೆ. ಮಂಡಿಯ ಶಸ್ತ್ರಚಿಕಿತ್ಸೆಯಲ್ಲಿ ಇದು ರಕ್ತನಾಳದ ದಾರಿಗಿಂತ ಹಲವು ಪಟ್ಟು ಹೆಚ್ಚು ಔಷಧವನ್ನು ಅಂಗಾಂಶಕ್ಕೆ ಮುಟ್ಟಿಸಿದೆ. ಎಲುಬಿನ ಈ ದಾರಿಯೇ ನನಗೆ ಹೆಚ್ಚು ಇಷ್ಟ: ಬದು ಕಟ್ಟಿ ನೀರು ನಿಲ್ಲಿಸುವ ರೈತನ ಜಾಣತನ ಅದರಲ್ಲಿದೆ.

ಆದರೂ ಹರಡಿನ ಕೀಲು ಬದಲಾಯಿಸುವವರು ಮಂಡಿಯವರಿಗಿಂತ ತೀರ ಕಡಿಮೆ. ಮಂಡಿಯ ಲೆಕ್ಕವನ್ನು ಹಾಗೇ ಇಲ್ಲಿಗೆ ತಂದಿಡಲಾಗದು. ಪುಡಿ, ಎಲುಬಿನ ಸೂಜಿ ಎರಡೂ ರಕ್ತನಾಳದ ಔಷಧಕ್ಕೆ ಜೊತೆಗಾರರೇ ಹೊರತು ಬದಲಿಯಲ್ಲ.

ಈ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ ಒಂದು ಬೇಡಿಕೆ: ಬೀಡಿ, ಸಿಗರೇಟು ಈಗಲೇ ಬಿಡಿಸಿ, ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತನ್ನಿ. ಆ ತೆಳು ಚರ್ಮ ಕೂಡಿಕೊಳ್ಳಲು ರಕ್ತ ಅಲ್ಲಿಗೆ ತಲುಪಲೇಬೇಕು.