ಎಂಜಿನ್ ನಿಂತದ್ದು ಹೇಗೆ?

ಗುರುವಾರ ಮಂತ್ರಾಲಯಕ್ಕೆ, ಶ್ರಾವಣದಲ್ಲಿ ಉರುಕುಂದ ಈರಣ್ಣನ ದರ್ಶನಕ್ಕೆ, ಮೈಗೆ ಹುಷಾರಿಲ್ಲದಿದ್ದರೆ ಬಳ್ಳಾರಿಗೋ ರಾಯಚೂರಿಗೋ ಕರ್ನೂಲಿಗೋ. ನಂದವರಂ, ಎಮ್ಮಿಗನೂರು, ಆದೋನಿ ಕಡೆಯ ಅನೇಕ ಮನೆಗಳಲ್ಲಿ ಈ ಎಲ್ಲ ಪ್ರಯಾಣಕ್ಕೂ ಇರುವುದು ಒಂದೇ ದೊಡ್ಡ ಗಾಡಿ. ಅದೂ ಹೊಸತಲ್ಲ. 1994ರಲ್ಲಿ ಬಂದ ಟಾಟಾ ಸುಮೊ, 2000ದಲ್ಲಿ ಬಂದ ಬೊಲೆರೊ, ಅದೇ ವರ್ಷ ಬಿಡದಿಯ ಕಾರ್ಖಾನೆಯಿಂದ ಹೊರಟ ಕ್ವಾಲಿಸ್, 2002ರ ಸ್ಕಾರ್ಪಿಯೊ, 2005ರ ಇನೋವಾ. ಇವುಗಳಲ್ಲಿ ಯಾವುದಾದರೊಂದು ಎರಡನೆಯ ಅಥವಾ ಮೂರನೆಯ ಕೈಗೆ ಬಂದು ಅಂಗಳದಲ್ಲಿ ನಿಂತಿರುತ್ತದೆ. ಎಂಟು ಜನರನ್ನು ಹೇರಿಕೊಂಡು ಎರೆಮಣ್ಣಿನ ದಾರಿಯಲ್ಲೂ ಓಡುವ ಗಾಡಿ, ಒಂದು ದಿನ ಹೆದ್ದಾರಿಯ ನಡುವೆ ಸದ್ದಿಲ್ಲದೆ ಆಫ್ ಆಗುತ್ತದೆ. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಮನೆಯವರ ನೆಮ್ಮದಿ ಕೆಡುವುದು ಅಲ್ಲಿಂದ. ಮತ್ತೆ ಎಲ್ಲಿ ನಿಲ್ಲುತ್ತದೋ ಎಂಬ ಭಯಕ್ಕೆ ಪಂಪು, ನಾಜಲ್, ಬ್ಯಾಟರಿ ಅಂತ ಒಂದೊಂದೇ ಬದಲಿಸಿ, ದುಡ್ಡೆಲ್ಲ ಖರ್ಚಾದ ಮೇಲೂ ಗಾಡಿ ನಿಲ್ಲುವುದು ನಿಂತಿರುವುದಿಲ್ಲ.

ಅನುಭವಸ್ಥ ಮೇಸ್ತ್ರಿ ಬಾನೆಟ್ ಎತ್ತುವ ಮೊದಲು ಒಂದು ಪ್ರಶ್ನೆ ಕೇಳುತ್ತಾನೆ: “ಆಫ್ ಆಗೋಕಿಂತ ಮುಂಚೆ ಜರ್ಕ್ ಹೊಡೀತಾ ಅಣ್ಣ, ಇಲ್ಲಾ ಒಮ್ಮಿಗೇ ಬಂದ್ ಆತಾ?” ಈ ಅಧ್ಯಾಯ ಆ ಪ್ರಶ್ನೆಯ ಸುತ್ತಲೇ ಇದೆ. ಎಂಜಿನ್ ನಿಂತ ರೀತಿಯಲ್ಲೇ ಕಾರಣದ ಅರ್ಧ ಸಿಕ್ಕಿಬಿಡುತ್ತದೆ. ಆ ರೀತಿಯನ್ನು ಕಂಡವರು ಗಾಡಿ ಓಡಿಸುತ್ತಿದ್ದವರು ಮಾತ್ರ, ಮೇಸ್ತ್ರಿಯಲ್ಲ.

ಕಾರಣಕ್ಕಿಂತ ಮೊದಲು ಜೀವದ ಮಾತು. ಓಡುತ್ತಿರುವ ಗಾಡಿಯ ಎಂಜಿನ್ ನಿಂತರೆ ಬ್ರೇಕ್ ಹೋಗುವುದಿಲ್ಲ, ಬ್ರೇಕಿಗೆ ಸಿಗುತ್ತಿದ್ದ ಸಹಾಯ ಹೋಗುತ್ತದೆ. ಪೆಡಲಿನ ಹಿಂದಿರುವ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಆದ್ದರಿಂದ ಬ್ರೇಕನ್ನು ಪದೇ ಪದೇ ಒತ್ತಿ ಬಿಡಬಾರದು, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಪವರ್ ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಗುತ್ತದೆ, ಆದರೆ ಎರಡೂ ಕೈಯ ಬಲ ಹಾಕಿದರೆ ತಿರುಗುತ್ತದೆ. ಗಾಡಿ ಉರುಳುತ್ತಿರುವಾಗ ಗಾಬರಿಯಲ್ಲಿ ಕೀ ಮಾತ್ರ ಹೊರಗೆ ತೆಗೆಯಬಾರದು, ತೆಗೆದರೆ ಸ್ಟೀರಿಂಗ್ ಲಾಕ್ ಬೀಳುತ್ತದೆ. ಇಂಡಿಕೇಟರ್ ನಾಲ್ಕೂ ಹಾಕಿ, ಗೇರ್ ನ್ಯೂಟ್ರಲಿಗೆ ತಂದು, ಉಳಿದ ವೇಗದಲ್ಲೇ ಎಡಕ್ಕೆ ಇಳಿಸಿ. ಹಗರಿಯಿಂದ ಆದೋನಿ, ಎಮ್ಮಿಗನೂರು ಹಾದು ರಾಯಚೂರಿನತ್ತ ಹೋಗುವ 167ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹತ್ತಿ ಹೇರಿದ ಲಾರಿಗಳು ಹಿಂದೆಯೇ ಬರುತ್ತಿರುತ್ತವೆ. ಗಾಡಿ ನಿಂತ ಕೂಡಲೇ ಮಕ್ಕಳು ಮುದುಕರನ್ನು ಇಳಿಸಿ ರಸ್ತೆಯಿಂದ ದೂರ ಕೂರಿಸುವುದು ಮೊದಲ ಕೆಲಸ, ಬಾನೆಟ್ ಆಮೇಲೆ.

ಇನ್ನು ಎಂಜಿನ್ನಿನ ವಿಷಯ. ಡೀಸೆಲ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಸುಮಾರು 18ರಿಂದ 22 ಪಟ್ಟು ಒತ್ತಿ ಕುಗ್ಗಿಸಿದಾಗ ಅದರ ಬಿಸಿ 500 ಡಿಗ್ರಿ ದಾಟುತ್ತದೆ. ಆ ಬಿಸಿ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಗಾಳಿ, ಒತ್ತಡ, ಡೀಸೆಲ್ ಈ ಮೂರಿದ್ದರೆ ಸಾಕು. ಹಳೆಯ ಗಾಡಿಗಳಲ್ಲಿ ಡೀಸೆಲನ್ನು ಅಳೆದು ಕೊಡುತ್ತಿದ್ದುದು ಪೂರ್ತಿ ಯಾಂತ್ರಿಕವಾದ ಪಂಪು. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಂಪನಿ ಇಂಥ ಪಂಪುಗಳಿಗೆ ಎಷ್ಟು ಹೆಸರಾಯಿತೆಂದರೆ, ಅದು 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೇಲೂ ಗ್ಯಾರೇಜುಗಳಲ್ಲಿ ‘ಮೈಕೋ ಪಂಪು’ ಎಂಬ ಮಾತು ಉಳಿದಿದೆ. ಇನೋವಾ ಮತ್ತು ಆಮೇಲಿನ ಸ್ಕಾರ್ಪಿಯೊಗಳಲ್ಲಿರುವುದು ಕಾಮನ್ ರೈಲ್. 1997ರಲ್ಲಿ ಯುರೋಪಿನ ಕಾರುಗಳಿಗೆ ಬಂದ ಈ ವ್ಯವಸ್ಥೆಯಲ್ಲಿ ಒಂದೇ ಕೊಳವೆಯಲ್ಲಿ ಸಾವಿರ ಬಾರ್ ಮೀರಿದ ಒತ್ತಡದಲ್ಲಿ ಡೀಸೆಲ್ ಕಾದಿರುತ್ತದೆ. ಯಾವ ಕ್ಷಣದಲ್ಲಿ ಎಷ್ಟು ಸಿಂಪಡಿಸಬೇಕು ಎಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಮೊದಲನೆಯದು ಕೊಳೆಯನ್ನೂ ಸವೆತವನ್ನೂ ಒಂದಿಷ್ಟು ಸಹಿಸಿಕೊಂಡು ಹೊಗೆ ಕಾರುತ್ತಾ ಓಡುತ್ತದೆ, ಎರಡನೆಯದು ಸಹಿಸುವುದಿಲ್ಲ. ನಿಮ್ಮ ಗಾಡಿ ಇವೆರಡರಲ್ಲಿ ಯಾವುದು ಎಂದು ತಿಳಿದಿರುವುದು ಮುಖ್ಯ.

ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತರೆ ಸಂಶಯ ಮೊದಲು ಹೋಗಬೇಕಾದ್ದು ವೈರಿನ ಕಡೆಗೆ. ಕ್ವಾಲಿಸಿನಂಥ ಯಾಂತ್ರಿಕ ಪಂಪಿನ ಗಾಡಿಯಲ್ಲೂ ಒಂದು ಪುಟ್ಟ ವಿದ್ಯುತ್ ಭಾಗವಿದೆ. ಪಂಪಿನ ಮೇಲೆ ಕೂತ ಸೊಲೆನಾಯ್ಡ್. ಅದಕ್ಕೆ 12 ವೋಲ್ಟ್ ಬರುತ್ತಿರುವಷ್ಟು ಹೊತ್ತು ಮಾತ್ರ ಡೀಸೆಲಿನ ದಾರಿ ತೆರೆದಿರುತ್ತದೆ. ಕೀ ಆಫ್ ಮಾಡಿದಾಗ ಡೀಸೆಲ್ ಎಂಜಿನ್ ನಿಲ್ಲುವುದೇ ಹೀಗೆ. ಇಪ್ಪತ್ತು ವರ್ಷದ ಗಾಡಿಯಲ್ಲಿ ಆ ಒಂಟಿ ವೈರಿನ ತುದಿ ಸಡಿಲಾದರೆ ಗುಂಡಿಗೆ ಇಳಿದಾಗ ಎಂಜಿನ್ ಆಫ್, ಮತ್ತೆ ಅಲುಗಾಡಿದಾಗ ಸರಿ. ಎಂಜಿನ್ ಸ್ಟಾರ್ಟ್ ಮಾಡದೆ ಒಬ್ಬರು ಕೀ ಆನ್-ಆಫ್ ಮಾಡುತ್ತಿರಲಿ, ಇನ್ನೊಬ್ಬರು ಪಂಪಿನ ಹತ್ತಿರ ಕಿವಿಗೊಡಲಿ. ಪ್ರತಿ ಸಲ ‘ಟಿಕ್’ ಎಂಬ ಸದ್ದು ಬರಬೇಕು. ಬರದಿದ್ದರೆ ಪಂಪು ಬಿಚ್ಚುವ ಮಾತೇ ಬೇಡ, ವೈರು, ಫ್ಯೂಸ್ ಮತ್ತು ಆ ಸೊಲೆನಾಯ್ಡ್ ನೋಡಿದರೆ ಆಯಿತು.

ಕಾಮನ್ ರೈಲ್ ಗಾಡಿಯಲ್ಲಿ ಒಮ್ಮೆಲೇ ನಿಲ್ಲಿಸುವ ಹೆಸರಾಂತ ಕಳ್ಳ ಕ್ರ್ಯಾಂಕ್ ಸೆನ್ಸರ್. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವುದು ಇದೇ. ಹಳತಾದ ಸೆನ್ಸರಿನೊಳಗಿನ ಸಂಪರ್ಕ ಬಿಸಿಗೆ ಬಿಟ್ಟುಕೊಳ್ಳುತ್ತದೆ, ತಣ್ಣಗಾದಾಗ ಕೂಡಿಕೊಳ್ಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬೆಳಗಿನ ಗಾಡಿ ಸರಿಯಾಗಿದ್ದು ಮಧ್ಯಾಹ್ನದ ಗಾಡಿ ನಿಂತರೆ ಇದರ ನೆನಪಿರಲಿ. ಒಂದು ಗುರುತು ಕಣ್ಣಿಗೇ ಕಾಣುತ್ತದೆ. ಗಾಡಿ ಇನ್ನೂ ಗೇರಿನಲ್ಲಿ ಉರುಳುತ್ತಿದೆ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತಿವೆ, ಆದರೂ ಆರ್‌ಪಿಎಂ ಮುಳ್ಳು ಮಾತ್ರ ಸೊನ್ನೆಗೆ ಬಿದ್ದಿದೆ. ಅಂದರೆ ತಿರುಗುವಿಕೆಯ ಸುದ್ದಿ ಕಂಪ್ಯೂಟರಿಗೆ ತಲುಪುತ್ತಿಲ್ಲ. ಡೀಸೆಲ್ ಕೊರತೆಯಿಂದ ನಿಂತಿದ್ದರೆ ಮುಳ್ಳು ಚಕ್ರದ ಜೊತೆ ನಿಧಾನವಾಗಿ ಇಳಿಯುತ್ತಿತ್ತು. ಬ್ಯಾಟರಿ ಟರ್ಮಿನಲ್ಲಿನ ಬಿಳಿ ಹುಡಿ, ತುಕ್ಕು ಹಿಡಿದ ಅರ್ಥ್ ಪಟ್ಟಿ, ಸೇಂಗಾ ಚೀಲದ ಪಕ್ಕ ನಿಲ್ಲಿಸಿದ ಗಾಡಿಯಲ್ಲಿ ಇಲಿ ಕಡಿದ ವೈರು, ಇವೂ ಇದೇ ಗುಂಪಿನವು.

ಕೀ ಹಾಕುವ ಸ್ವಿಚ್ಚನ್ನೂ ಮರೆಯುವಂತಿಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 2014ರಲ್ಲಿ ಮೊದಲು ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿಕೊಂಡದ್ದು ಇದೊಂದೇ ಕಾರಣಕ್ಕೆ. ಸ್ವಿಚ್ಚಿನ ಹಿಡಿತ ಸಡಿಲವಾಗಿತ್ತು. ಭಾರವಾದ ಕೀ ಗೊಂಚಲು ಜೋತು, ಗಾಡಿ ಕುಲುಕಿದಾಗ ಕೀ ತಾನೇ ಹಿಂದಕ್ಕೆ ಸರಿದು ಎಂಜಿನ್ ನಿಲ್ಲುತ್ತಿತ್ತು, ಜೊತೆಗೆ ಏರ್‌ಬ್ಯಾಗೂ ಕೆಲಸ ನಿಲ್ಲಿಸುತ್ತಿತ್ತು. ಕಂಪನಿಯ ಪರಿಹಾರ ನಿಧಿಯೇ ಕೊನೆಗೆ 124 ಸಾವುಗಳನ್ನು ಒಪ್ಪಿಕೊಂಡಿತು. ರಾಯರ ಬಿಲ್ಲೆ, ಮನೆಯ ಬೀಗದ ಕೈ, ಬೀರುವಿನ ಕೀ ಎಲ್ಲವನ್ನೂ ಒಂದೇ ರಿಂಗಿಗೆ ಪೋಣಿಸಿ ಸವೆದ ಸ್ವಿಚ್ಚಿಗೆ ತೂಗುಹಾಕುವ ನಮ್ಮ ಅಭ್ಯಾಸಕ್ಕೂ ಇದು ಅನ್ವಯಿಸುತ್ತದೆ. ಗಾಡಿ ಕೀ ಒಂಟಿಯಾಗಿರಲಿ.

ಕಂಪನಿ ತಪ್ಪಿಗೆ ಕಂಪನಿಯೇ ರಿಪೇರಿ ಮಾಡಿಕೊಡಬೇಕಲ್ಲವೇ ಎಂದರೆ, ಭಾರತದಲ್ಲೂ ಹಾಗೆ ನಡೆದಿದೆ. 2020ರ ಜುಲೈಯಲ್ಲಿ ಮಾರುತಿ ಸುಜುಕಿ 1,34,885 ವ್ಯಾಗನ್-ಆರ್ ಮತ್ತು ಬಲೆನೊಗಳನ್ನು ಪೆಟ್ರೋಲ್ ಪಂಪಿನ ದೋಷದ ಶಂಕೆಯಿಂದ ಕರೆಸಿತು. ಆದರೆ 2021ರ ಏಪ್ರಿಲಿನಿಂದ ಜಾರಿಗೆ ಬಂದ ಕಡ್ಡಾಯ ವಾಪಸಾತಿ ನಿಯಮ ಏಳು ವರ್ಷದೊಳಗಿನ ವಾಹನಗಳಿಗೆ ಮಾತ್ರ. ನಮ್ಮ ಅಂಗಳದ ಹದಿನೈದು ವರ್ಷದ ಗಾಡಿ ಆ ರಕ್ಷಣೆಯ ಹೊರಗಿದೆ. ಹಳೆಯ ಗಾಡಿಯನ್ನು ಅವಲಂಬಿಸಿದವರೇ ಹೆಚ್ಚಿರುವ ದೇಶದಲ್ಲಿ ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಎರಡನೆಯ ರೀತಿ ಬೇರೆ. ಪಿಕಪ್ ಕಡಿಮೆಯಾಗುತ್ತದೆ, ಜರ್ಕ್ ಹೊಡೆಯುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಆಮೇಲೆ ನಿಲ್ಲುತ್ತದೆ. ಇದು ಡೀಸೆಲ್ ಸಿಗದ ಎಂಜಿನ್. ಇಲ್ಲಿ ಮೋಸ ಮಾಡುವುದು ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಪೈಪು. ಈ ಗಾಡಿಗಳಲ್ಲಿ ಪಂಪು ಡೀಸೆಲನ್ನು ಹೀರಿಕೊಳ್ಳುತ್ತದೆ, ಹಿಂದಿನಿಂದ ಯಾರೂ ತಳ್ಳುವುದಿಲ್ಲ. ಹಾಗಾಗಿ ಬಿಸಿಲಿಗೆ ಒಣಗಿ ಬಿರುಕುಬಿಟ್ಟ ಪೈಪಿನಿಂದ ಡೀಸೆಲ್ ಹೊರಗೆ ತೊಟ್ಟಿಕ್ಕುವ ಬದಲು ಗಾಳಿ ಒಳಗೆ ನುಗ್ಗುತ್ತದೆ, ಸೀಳು ಬಿದ್ದ ಕೊಳವೆಯಲ್ಲಿ ಎಳನೀರು ಹೀರಿದಂತೆ. ನೆಲದ ಮೇಲೆ ಒಂದು ಹನಿಯೂ ಬೀಳದ್ದರಿಂದ ಲೀಕ್ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ, ಪಂಪು ಬಿಚ್ಚಿಸುತ್ತಾರೆ. ಬಲ್ಲ ಮೇಸ್ತ್ರಿ ಮಾಡುವ ಪರೀಕ್ಷೆ ನೋಡಬೇಕು. ಫಿಲ್ಟರ್ ಮತ್ತು ಪಂಪಿನ ನಡುವಿನ ಪೈಪು ತೆಗೆದು ಅಲ್ಲಿ ಗೇಣುದ್ದದ ಪಾರದರ್ಶಕ ಪೈಪು ಸಿಕ್ಕಿಸಿ, ಕ್ಲಿಪ್ ಬಿಗಿದು, ಎಂಜಿನ್ ಸ್ಟಾರ್ಟ್ ಮಾಡುತ್ತಾನೆ. ಮೊದಲ ಗುಳ್ಳೆಗಳು ಹರಿದುಹೋಗುತ್ತವೆ. ಎರಡು ನಿಮಿಷವಾದರೂ ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಬರುತ್ತಲೇ ಇದ್ದರೆ ಗಾಳಿ ಹಿಂದಿನಿಂದ ಸೇರುತ್ತಿದೆ. ಒಂದೊಂದೇ ಜೋಡಣೆಗೆ ಕೈಯಿಂದ ಡೀಸೆಲ್ ಸವರುತ್ತಾ ಹೋಗುತ್ತಾನೆ. ಯಾವ ಜಾಗ ಒದ್ದೆಯಾದಾಗ ಗುಳ್ಳೆ ನಿಂತಿತೋ ತೂತು ಅಲ್ಲಿದೆ.

ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೆ ಉಸಿರುಗಟ್ಟಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಅಷ್ಟೇ ದೂರ ಓಡುವ ಗಾಡಿಯಿದ್ದರೆ ಟ್ಯಾಂಕಿನೊಳಗಿನ ಜಾಲರಿಗೆ ಕೆಸರು ಅಂಟಿಕೊಳ್ಳುತ್ತಿರಬಹುದು. ಎಂಜಿನ್ ನಿಂತಾಗ ಹೀರುವಿಕೆ ನಿಂತು ಕೆಸರು ತಳಕ್ಕೆ ಬೀಳುತ್ತದೆ. ಕ್ಯಾನಿನಲ್ಲಿ ತಂದು, ಪಂಪ್‌ಸೆಟ್ಟಿಗೆ ಹಾಕಿ ಉಳಿದ ಡೀಸೆಲನ್ನು ಗಾಡಿಗೆ ಸುರಿಯುವ ಹಳ್ಳಿಗಳಲ್ಲಿ ಇದು ಸಾಮಾನ್ಯ. ಅದರ ಜೊತೆ ಬರುವ ನೀರು ಇನ್ನೂ ಕೆಟ್ಟದ್ದು. ಕಾಮನ್ ರೈಲ್ ನಾಜಲಿನ ತೂತು 0.15 ಮಿಲಿಮೀಟರಿನ ಆಸುಪಾಸಿನದು. ಸಾವಿರ ಬಾರ್ ಒತ್ತಡದಲ್ಲಿ ನೀರು, ತುಕ್ಕು, ಧೂಳು ಅದರ ಮೂಲಕ ಹಾದರೆ ನಾಜಲ್ ಉಳಿಯುವುದಿಲ್ಲ. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಗಾಜಿನ ಲೋಟಕ್ಕೆ ಬಿಟ್ಟರೆ ನೀರು ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಇದನ್ನು ಮಾಡುವುದು ಒಳ್ಳೆಯದು, ಖರ್ಚು ಏನೂ ಇಲ್ಲ.

ಇನೋವಾದಂಥ ಗಾಡಿ ಸಿಗ್ನಲಿನಲ್ಲಿ ಐಡಲ್ ಏರಿಳಿದು ನಿಂತುಬಿಟ್ಟರೆ ಪಂಪಿನ ಮೇಲಿನ ಎಸ್‌ಸಿವಿ ಎಂಬ ಕವಾಟವನ್ನು ಪರೀಕ್ಷಿಸಬೇಕು. ಇಡೀ ಪಂಪು ಬದಲಿಸುವ ಮೊದಲು ಈ ಒಂದು ಭಾಗ ನೋಡಿದ್ದೀರಾ ಎಂದು ಕೇಳುವ ಹಕ್ಕು ನಿಮಗಿದೆ. ಸ್ಕ್ಯಾನರ್ ಹಾಕಿಸಿದರೆ ಕಾಗದಕ್ಕೆ ಕೋಡ್ ಬರೆದುಕೊಳ್ಳಿ. ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟು, ಪಿ0087 ಎಂದರೆ ರೈಲಿನಲ್ಲಿ ಒತ್ತಡ ಸಾಲದು. ಗಮನಿಸಿ, ಕೋಡ್ ತೋರಿಸುವುದು ತೊಂದರೆಯ ಓಣಿಯನ್ನು, ಮನೆ ನಂಬರನ್ನಲ್ಲ. ಒತ್ತಡ ಸಾಲದಿರುವುದಕ್ಕೆ ಎಂಟುನೂರು ರೂಪಾಯಿಯ ಫಿಲ್ಟರೂ ಕಾರಣವಾಗಬಹುದು, ಹತ್ತಾರು ಸಾವಿರದ ಪಂಪೂ ಆಗಬಹುದು.

ಮೂರನೆಯದು ಬಿಸಿ. ಬೋರಿನ ಗಡಸು ನೀರನ್ನೇ ವರ್ಷಗಟ್ಟಲೆ ರೇಡಿಯೇಟರಿಗೆ ತುಂಬಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಹೊರಗಿನಿಂದ ಎರೆಮಣ್ಣಿನ ಧೂಳು ಮತ್ತು ಅರಳೆಯ ನಾರು ಮುಚ್ಚುತ್ತದೆ. ಎಂಜಿನ್ ಮಿತಿಮೀರಿ ಕಾದಾಗ ಅಲ್ಯೂಮಿನಿಯಮ್ ಪಿಸ್ಟನ್ ಸುತ್ತಲಿನ ಎರಕದ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗಿ ಕಚ್ಚಿಕೊಳ್ಳುತ್ತದೆ. ಸೀಜ್ ಎನ್ನುವುದು ಇದನ್ನೇ. ಬಿಸಿಯ ಮುಳ್ಳು ಮೇಲೇರಲಿಲ್ಲವಲ್ಲ ಎಂದು ಅನೇಕರು ವಾದಿಸುತ್ತಾರೆ. ನೀರು ಪೂರ್ತಿ ಸೋರಿಹೋಗಿದ್ದರೆ ಮುಳ್ಳು ಏರದೆಯೂ ಇರಬಹುದು, ಏಕೆಂದರೆ ಆ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತದೆ. ಹೀಟರಿನಿಂದ ಬಿಸಿ ಗಾಳಿಯ ಬದಲು ತಣ್ಣನೆ ಗಾಳಿ ಬಂದರೆ ಅದೂ ನೀರು ಖಾಲಿಯಾದ ಗುರುತು. ಕಾದು ನಿಂತ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರಿಯುತ್ತದೆ, ಮುಚ್ಚಳ ತೆಗೆದರೆ ಮುಖ ಬೇಯುತ್ತದೆ. ನೆರಳಿಲ್ಲದಿದ್ದರೂ ಮುಕ್ಕಾಲು ಗಂಟೆ ಕಾಯಲೇಬೇಕು.

ದೊಡ್ಡ ಸದ್ದಿನೊಂದಿಗೆ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಕ್ವಾಲಿಸ್, ಹಳೆಯ ಇನೋವಾಗಳಲ್ಲಿ ಟೈಮಿಂಗ್ ಬೆಲ್ಟ್ ಇದೆ. ಲಕ್ಷ ಕಿಲೋಮೀಟರಿನ ಮೇಲೆ ಅದನ್ನು ಬದಲಿಸಿದ ದಾಖಲೆ ಇಲ್ಲದ ಗಾಡಿ ಕೊಂಡವರು ಮೊದಲು ಬೆಲ್ಟ್ ಹಾಕಿಸಲಿ. ಅದು ಹರಿದರೆ ಪಿಸ್ಟನ್ ವಾಲ್ವಿಗೆ ಹೊಡೆಯುತ್ತದೆ.

ನೀರು ಕುಡಿದು ನಿಂತ ಎಂಜಿನ್ನಿಗೂ ಇದೇ ಮಾತು. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಮಂತ್ರಾಲಯವನ್ನೂ ಕರ್ನೂಲನ್ನೂ ಮುಳುಗಿಸಿದ್ದು, ನಂದವರಂ ಮಂಡಲದ ನಾಗಲದಿನ್ನೆ ಸೇತುವೆ ಕೊಚ್ಚಿಹೋದದ್ದು ಈ ಸೀಮೆಯವರಿಗೆ ಗೊತ್ತು. ಅಷ್ಟು ದೊಡ್ಡ ನೆರೆಯೇ ಬೇಕಿಲ್ಲ, ರಸ್ತೆ ಮೇಲೆ ಹರಿಯುವ ಹಳ್ಳ ಸಾಕು. ಎರಡೂವರೆ ಲೀಟರಿನ ಎಂಜಿನ್ನಿನಲ್ಲಿ ಪಿಸ್ಟನ್ ತುದಿಗೇರಿದಾಗ ಒಂದು ಸಿಲಿಂಡರಿನಲ್ಲಿ ಉಳಿಯುವ ಜಾಗ 35-40 ಮಿಲಿಲೀಟರ್ ಮಾತ್ರ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಅದಕ್ಕಿಂತ ಹೆಚ್ಚು ನೀರು ಏರ್ ಫಿಲ್ಟರಿನ ದಾರಿಯಲ್ಲಿ ಒಳಹೊಕ್ಕಿದ್ದಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಹಾಗಾಗಿ ಹಳ್ಳದಲ್ಲಿ ನಿಂತ ಗಾಡಿಯನ್ನು ಟ್ರ್ಯಾಕ್ಟರಿನಿಂದ ನ್ಯೂಟ್ರಲಿನಲ್ಲೇ ಎಳೆಸಿ, ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಅದು ಒದ್ದೆಯಾಗಿದ್ದರೆ ಮೇಸ್ತ್ರಿ ಸ್ಟಾರ್ಟ್ ಮಾಡುವಾಗ ಸಿಲಿಂಡರಿನೊಳಗೆ ಬಿಸಿ ಕೊಡುವ ಗ್ಲೋ ಪ್ಲಗ್ ಅಥವಾ ನಾಜಲ್ ಬಿಚ್ಚಿ ಎಂಜಿನನ್ನು ಕೈಯಿಂದ ತಿರುಗಿಸುತ್ತಾನೆ, ಸಿಲಿಂಡರಿನ ನೀರು ಆ ತೂತುಗಳಿಂದ ಹೊರಗೆ ಚಿಮ್ಮುತ್ತದೆ. ಆಮೇಲೆ ಆಯಿಲ್, ಫಿಲ್ಟರ್‌ಗಳನ್ನು ಬದಲಿಸಿ ಸ್ಟಾರ್ಟ್ ಮಾಡಿದರೆ ಅದೇ ಎಂಜಿನ್ ಸಿಲಿಂಡರ್ ಬೋರಿಂಗಿಗೆ ಹೋಗದೆ ಮನೆಗೆ ಬರುತ್ತದೆ.