ಒಂಬತ್ತನೇ ತರಗತಿಯಲ್ಲೇ ಇಸ್ರೊ ಅಂಗಳಕ್ಕೆ

ವಿಜ್ಞಾನಿಯಾಗಬೇಕೆಂಬ ಆಸೆ ಅನೇಕ ಮಕ್ಕಳಿಗಿದೆ. ಆದರೆ ವಿಜ್ಞಾನಿಗಳ ಕೆಲಸವನ್ನು ಹತ್ತಿರದಿಂದ ಕಾಣುವ ಅವಕಾಶ ಹೈಸ್ಕೂಲಿನಲ್ಲಿ ಅಪರೂಪ. ಈ ಕೊರತೆ ನೀಗಿಸುವಂಥದು ಇಸ್ರೊ 2019ರಲ್ಲಿ ಆರಂಭಿಸಿದ ‘ಯುವಿಕಾ’, ಅಂದರೆ ಯುವ ವಿಜ್ಞಾನಿ ಕಾರ್ಯಕ್ರಮ.

ಇದು ಒಂಬತ್ತನೇ ತರಗತಿಯವರಿಗೆ ಮಾತ್ರ. ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರ ಇಸ್ರೊ ಕೇಂದ್ರವೊಂದರಲ್ಲಿ ತರಬೇತಿ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ, ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರ ಮುಂತಾದೆಡೆ ಉಪನ್ಯಾಸ, ಪ್ರಯೋಗ, ಪ್ರಯೋಗಾಲಯ ಭೇಟಿ ಇರುತ್ತವೆ. ವಿದ್ಯಾರ್ಥಿಯ ಪ್ರಯಾಣ, ಊಟ, ವಸತಿಯ ವೆಚ್ಚ ಇಸ್ರೊದ್ದೇ.

ಆಯ್ಕೆ ಹೇಗೆ? 2024ರ ನಿಯಮದಂತೆ ಎಂಟನೇ ತರಗತಿಯ ಅಂಕಗಳಿಗೆ ಶೇ 50ರಷ್ಟು ಮಹತ್ವ. ಪಂಚಾಯಿತಿ ವ್ಯಾಪ್ತಿಯ ಶಾಲೆಯವರಿಗೆ ಶೇ 15. ಉಳಿದದ್ದು ಆನ್‌ಲೈನ್ ರಸಪ್ರಶ್ನೆ, ವಿಜ್ಞಾನ ಮೇಳ, ಒಲಿಂಪಿಯಾಡ್, ಕ್ರೀಡೆ, ಸ್ಕೌಟ್ಸ್, ಎನ್‌ಸಿಸಿಗೆ. ಹಳ್ಳಿ ಶಾಲೆಯೆಂದು ಹಿಂಜರಿಯಬೇಕಿಲ್ಲ. ಇಲ್ಲಿ ಅದೇ ಅನುಕೂಲ.

ಪ್ರಕಟಣೆ ಹೊರಬೀಳುವುದು ಸಾಮಾನ್ಯವಾಗಿ ಫೆಬ್ರುವರಿಯಲ್ಲಿ, ಪರೀಕ್ಷೆಯ ಗಡಿಬಿಡಿಯ ನಡುವೆ. ಆಗ ತಪ್ಪಿದರೆ ಮತ್ತೆ ಅವಕಾಶವಿಲ್ಲ. ಆದ್ದರಿಂದ ಪೋಷಕರೇ, ಮಗು ಎಂಟನೇ ತರಗತಿಯಲ್ಲಿರುವಾಗಲೇ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ. ಮುಖ್ಯೋಪಾಧ್ಯಾಯರ ಕಿವಿಗೂ ವಿಷಯ ಹಾಕಿ. ವಿಜ್ಞಾನ ಮೇಳಕ್ಕೆ ಮಾದರಿ ತಯಾರಿಸಲು ಪ್ರೋತ್ಸಾಹಿಸಿ. ಆಯ್ಕೆಯಾಗದಿದ್ದರೂ ಕೈಯಾರೆ ಮಾಡಿ ಕಲಿತದ್ದು ವ್ಯರ್ಥವಾಗದು.