ಸೆಲ್ಫ್ ಹೊಡೆದರೂ ಜೀಪು ಸ್ಟಾರ್ಟ್ ಆಗದಿದ್ದಾಗ



ಮಲೆನಾಡಿನ ಬೆಳೆಗಾರನಿಗೆ ಜೀಪು ಶೋಕಿಯ ವಸ್ತುವಲ್ಲ. ಕೊಯ್ದ ಕಾಫಿ ಹಣ್ಣು ಅದೇ ದಿನ ಪಲ್ಪರ್ ಸೇರಬೇಕು. ತಡವಾದರೆ ಹಣ್ಣು ಹುಳಿತು ಬೇಳೆಯ ಗುಣ ಕೆಡುತ್ತದೆ. ಅಡಿಕೆಗೆ ಕೊಳೆ ರೋಗ ತಗಲುವ ಮುಂಚೆ ಮೈಲುತುತ್ತ, ಸುಣ್ಣ ಮನೆಗೆ ಬಂದು ಬೀಳಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ, ರಾತ್ರಿ ಹೊತ್ತು ಯಾರಿಗಾದರೂ ಕಾಯಿಲೆಯಾದರೆ ಆಸ್ಪತ್ರೆ ಮುಟ್ಟಿಸಬೇಕು.

ಕೆಲವು ವರ್ಷಗಳ ಹಿಂದೆ, ಪುಷ್ಯ ಮಳೆ ಹಿಡಿದ ಒಂದು ರಾತ್ರಿ, ನಮ್ಮ ತೋಟದ ಲೈನಿನಲ್ಲಿದ್ದ ಹೆಣ್ಣುಮಗಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಜೀಪು ಹತ್ತಿ ಸೆಲ್ಫ್ ಹೊಡೆದೆ. ಇಂಜಿನ್ ಚೆನ್ನಾಗಿಯೇ ತಿರುಗಿತು, ಹತ್ತಿಕೊಳ್ಳಲಿಲ್ಲ. ಗಾಬರಿಯಲ್ಲಿ ಹೊಡೆದೆ, ಮತ್ತೆ ಮತ್ತೆ ಹೊಡೆದೆ. ಹತ್ತು ನಿಮಿಷದಲ್ಲಿ ಬ್ಯಾಟರಿಯೂ ಮುಗಿಯಿತು. ಕೊನೆಗೆ ಆಕೆಯನ್ನು ಕಂಬಳಿಯಲ್ಲಿ ಹೊತ್ತು ಪಕ್ಕದ ತೋಟದವರೆಗೆ ನಡೆದು, ಅವರ ವಾಹನದಲ್ಲಿ ಆಸ್ಪತ್ರೆ ಸೇರಿಸಿದೆವು. ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ಅದಕ್ಕೆ ನನ್ನ ಜಾಣತನ ಕಾರಣವಲ್ಲ. ಮರುದಿನ ಬಂದ ಮೆಕ್ಯಾನಿಕ್ ಡೆಲ್ಕೊ ಮುಚ್ಚಳ ತೆಗೆದು, ಒಣ ಬಟ್ಟೆಯಿಂದ ಒಳಗೆ ಒರೆಸಿ, ಬೇರೆ ಬ್ಯಾಟರಿಯಿಂದ ಸೆಲ್ಫ್ ಹೊಡೆದ. ಜೀಪು ಒಂದೇ ಏಟಿಗೆ ಸ್ಟಾರ್ಟ್ ಆಯಿತು! ಎರಡು ನಿಮಿಷದ ಕೆಲಸ ಗೊತ್ತಿಲ್ಲದೆ ಒಂದು ಜೀವವನ್ನು ಅಪಾಯಕ್ಕೆ ಒಡ್ಡಿದ್ದೆ. ಆ ಪಾಠವನ್ನು ಸದಸ್ಯರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊದಲು ಕೈ ತಡೆಯಿರಿ, ಕಿವಿ ಕೊಡಿ

ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ಮಧ್ಯೆ ಒಂದು ನಿಮಿಷ ಬಿಡುವು ಕೊಡಿ. ಮೂರು ಸಲಕ್ಕೂ ಹತ್ತಿಕೊಳ್ಳದಿದ್ದರೆ ನಾಲ್ಕನೆಯ ಸಲ ಹತ್ತಿಕೊಳ್ಳುವ ಸಂಭವ ಕಡಿಮೆ. ಆಗ ಬ್ಯಾಟರಿಯನ್ನು ಉಳಿಸಿಕೊಂಡು ಕಾರಣ ಹುಡುಕುವುದೇ ಲೇಸು.

ಇಂಜಿನ್ ತಿರುಗುವ ಸದ್ದನ್ನು ಗಮನಿಸಿ. ಎಳೆದೆಳೆದು ನಿಧಾನವಾಗಿ ತಿರುಗಿದರೆ ಬ್ಯಾಟರಿ ಸೊರಗಿದೆ, ಅಥವಾ ಅದರ ಟರ್ಮಿನಲ್‌ಗಳಿಗೆ ಪಾಚಿಯಂತಹ ಪುಡಿ ಹಿಡಿದಿದೆ, ಅಥವಾ ಅರ್ತ್ ಪಟ್ಟಿ ಸಡಿಲವಾಗಿದೆ ಎಂದು ತಿಳಿಯಬೇಕು. ಎಂದಿನ ವೇಗದಲ್ಲಿ ತಿರುಗಿದರೆ ಬ್ಯಾಟರಿ, ಸೆಲ್ಫ್ ಮೋಟಾರು ಎರಡೂ ಸರಿ. ದೋಷ ಬೇರೆಡೆ ಇದೆ. ಇಂತಹ ಗಾಡಿಯನ್ನು ಆಳು ಸೇರಿಸಿ ತಳ್ಳಿಸುವುದು ವ್ಯರ್ಥ. ಸೆಲ್ಫ್ ಮಾಡುತ್ತಿರುವ ಕೆಲಸವನ್ನೇ ಆಳುಗಳಿಂದ ಮಾಡಿಸಿದಂತೆ. ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದಂತೆ ಗಿರ್ರನೆ ತಿರುಗಿದರೆ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಹರಿದಿರಬಹುದು. ಆಗ ಮತ್ತೆ ಸೆಲ್ಫ್ ಹೊಡೆಯಲೇಬಾರದು. ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುವ ಅಪಾಯವಿದೆ.

ಪೆಟ್ರೋಲ್ ಇಂಜಿನ್ ಓಡಲು ಮೂರು ಬೇಕು: ಸಮಯಕ್ಕೆ ಸರಿಯಾದ ಕಿಡಿ, ಪೆಟ್ರೋಲ್ ಬೆರೆತ ಗಾಳಿ, ಆ ಗಾಳಿಯನ್ನು ಒತ್ತುವ ಕಂಪ್ರೆಶನ್. ನಿನ್ನೆಯವರೆಗೆ ಓಡಿದ ಇಂಜಿನ್ನಿಗೆ ಒಂದೇ ರಾತ್ರಿಯಲ್ಲಿ ಕಂಪ್ರೆಶನ್ ಹೋಗುವುದು ಅಪರೂಪ. ಆದ್ದರಿಂದ ಮೊದಲು ಕಿಡಿ, ಆಮೇಲೆ ಪೆಟ್ರೋಲ್, ಈ ಕ್ರಮದಲ್ಲಿ ನೋಡಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಬೀಡಿ ಸಿಗರೇಟು ದೂರವಿರಲಿ.

ಕಿಡಿ ಬರುತ್ತಿದೆಯೇ?

ಈ ಪರೀಕ್ಷೆ ಪಾಯಿಂಟ್, ಕಾರ್ಬೊರೇಟರ್ ಇರುವ ಹಳೆಯ ಜೀಪು, ಕಾರುಗಳಿಗೆ ಮಾತ್ರ. ಗಾಡಿಯಲ್ಲಿ ಸದಾ ಒಂದು ಹೆಚ್ಚಿನ ಪ್ಲಗ್ ಇಟ್ಟುಕೊಳ್ಳಿ. ಇಂಜಿನ್ನಿನ ಒಂದು ಪ್ಲಗ್ಗಿನಿಂದ ವಯರು ಕಳಚಿ ಈ ಹೆಚ್ಚಿನ ಪ್ಲಗ್ಗಿಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್ನಿಗೆ ತಾಗುವಂತೆ ಒರಗಿಸಿ. ಬರಿಗೈಯಲ್ಲಿ ಹಿಡಿಯಬೇಡಿ; ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಇಂಜಿನ್ನಿನ ಪ್ಲಗ್ಗನ್ನೇ ಬಿಚ್ಚಿ ಪರೀಕ್ಷಿಸಿದರೆ ಆ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮಿ ಬೆಂಕಿ ಹತ್ತಬಹುದು. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಚಟಪಟ ಸದ್ದಿನ ನೀಲಿ ಕಿಡಿ ಬಂದರೆ ಕಿಡಿ ಸರಿಯಾಗಿದೆ. ಕೆಂಪಾಗಿ ಮಂಕಾಗಿದ್ದರೆ ಅದು ದುರ್ಬಲ ಕಿಡಿ.

ಕಿಡಿ ಇಲ್ಲವೆಂದಾದರೆ, ಡೆಲ್ಕೊ ಮುಚ್ಚಳದ ನಡುವಿನ ದಪ್ಪ ವಯರನ್ನು ಕಿತ್ತು, ಒಣ ಮರದ ಚಿಮುಟದಲ್ಲಿ ಹಿಡಿದು, ಅದರ ತುದಿಯನ್ನು ಇಂಜಿನ್ನಿನ ಲೋಹದಿಂದ ಕಾಲು ಇಂಚು ದೂರದಲ್ಲಿಟ್ಟು ನೋಡಿ. ಅಲ್ಲಿ ಕಿಡಿ ಹಾರಿದರೆ ಕಾಯಿಲ್ ಸರಿ. ದೋಷ ಮುಚ್ಚಳದಲ್ಲೋ ರೋಟರಿನಲ್ಲೋ ಪ್ಲಗ್ ವಯರಿನಲ್ಲೋ ಇದೆ. ಮಳೆಗಾಲದಲ್ಲಿ ನೂರಾರು ಸಲ ಕಾಣುವುದು ಇದೇ. ಮುಚ್ಚಳದ ಒಳಗೂ ಹೊರಗೂ ಒಣ ಬಟ್ಟೆಯಿಂದ ಒರೆಸಿ. ಒಳಗೆ ಕೂದಲೆಳೆಯಂತಹ ಕಪ್ಪು ಗೆರೆ ಕಂಡರೆ ಬಿರುಕು ಬಿಟ್ಟು ಕರಿ ಹಿಡಿದಿದೆ ಎಂದರ್ಥ. ಒರೆಸಿದರೆ ತಾತ್ಕಾಲಿಕವಾಗಿ ಓಡೀತು, ಹೊಸ ಮುಚ್ಚಳ ಹಾಕಿಸುವುದೇ ಪರಿಹಾರ.

ದಪ್ಪ ವಯರಿನಲ್ಲೂ ಕಿಡಿ ಇಲ್ಲದಿದ್ದರೆ ಮುಚ್ಚಳ ತೆಗೆದು ಸೆಲ್ಫ್ ಹೊಡೆಸಿ ನೋಡಿ. ರೋಟರ್ ತಿರುಗದಿದ್ದರೆ ಒಳಗಿನ ಗೇರು ಹೋಗಿದೆ. ಅದು ಮೆಕ್ಯಾನಿಕ್ಕಿನ ಕೆಲಸ. ತಿರುಗಿದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆಯೇ, ಸುಟ್ಟು ಗುಳಿ ಬಿದ್ದಿದೆಯೇ ಗಮನಿಸಿ. ಹಳೆಯ ವಿಲ್ಲೀಸ್ ಮಾದರಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಜೀಪಿನಲ್ಲಿ ಪಾಯಿಂಟ್ ಅಂತರ ಒಂದು ಇಂಚಿನ ಸಾವಿರ ಭಾಗದಲ್ಲಿ 20, ಪ್ಲಗ್ ಅಂತರ 30 ಇರಬೇಕು. ಪ್ಲಗ್ ವಯರುಗಳನ್ನು ಒಟ್ಟಿಗೆ ಕಿತ್ತವರು ಅದರ ಕಿಡಿಯ ಸರದಿ 1-3-4-2 ಎಂಬುದನ್ನು ಮರೆಯಬಾರದು. ಪಾಯಿಂಟ್ ಸರಿಯಿದ್ದರೆ ಉಳಿಯುವುದು ಕಂಡೆನ್ಸರ್, ಕಾಯಿಲ್ ಮತ್ತು ಕೀಲಿಯಿಂದ ಬರುವ ವಯರು.

ಪೆಟ್ರೋಲ್ ಬರುತ್ತಿದೆಯೇ?

ಟ್ಯಾಂಕಿಗೆ ಒಣ ಕಡ್ಡಿ ಅದ್ದಿ ನೋಡಿ. ಮುಳ್ಳು ಸುಳ್ಳು ಹೇಳುವ ಜೀಪುಗಳು ನಮ್ಮಲ್ಲಿ ಬೇಕಾದಷ್ಟಿವೆ. ಏರ್ ಕ್ಲೀನರ್ ತೆಗೆದು, ಚೋಕ್ ತೆರೆದಿಟ್ಟು, ಕಾರ್ಬೊರೇಟರಿನ ಬಾಯಿಯೊಳಗೆ ನೋಡುತ್ತ ಎಕ್ಸಲೇಟರ್ ಕೊಂಡಿಯನ್ನು ಎಳೆಯಿರಿ. ಪಿಚಕಾರಿಯಂತೆ ಪೆಟ್ರೋಲ್ ಚಿಮ್ಮಿದರೆ ಅಲ್ಲಿಯವರೆಗೆ ಪೆಟ್ರೋಲ್ ಬಂದಿದೆ. ಚಿಮ್ಮದಿದ್ದರೆ ಪಂಪಿನ ಗಾಜಿನ ಬಟ್ಟಲನ್ನು ನೋಡಿ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ. ಬಟ್ಟಲನ್ನು ಬಿಚ್ಚಿ ಚೆಲ್ಲಿ, ಜಾಲರಿಯನ್ನು ತೊಳೆದು ಮತ್ತೆ ಹಾಕಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಹಳೆಯ ರಬ್ಬರ್ ಪೈಪು, ಡಯಾಫ್ರಾಮುಗಳನ್ನೂ ಅದು ಕೆಡಿಸಬಲ್ಲದು. ಆದ್ದರಿಂದ ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿದ ಹಳೆಯ ಜೀಪು ತೊಂದರೆ ಕೊಡುವುದು ಸಹಜ. ಹೆಚ್ಚು ಓಡಿಸದಿದ್ದರೂ ಟ್ಯಾಂಕು ತುಂಬಿಸಿಡಿ.

ಪೆಟ್ರೋಲ್ ಹೆಚ್ಚಾದರೂ ಇಂಜಿನ್ ಹತ್ತಿಕೊಳ್ಳದು. ಗಾಢವಾದ ವಾಸನೆ, ಒದ್ದೆಯಾದ ಕಪ್ಪು ಪ್ಲಗ್ ಅದರ ಗುರುತು. ಹತ್ತು ನಿಮಿಷ ಬಿಟ್ಟು, ಚೋಕ್ ಎಳೆಯದೆ, ಎಕ್ಸಲೇಟರನ್ನು ಪೂರ್ತಿ ಅದುಮಿ ಹಿಡಿದು ಸೆಲ್ಫ್ ಹೊಡೆಯಿರಿ. ಮತ್ತೆ ಮತ್ತೆ ತುಳಿಯಬಾರದು. ತುಳಿದಷ್ಟೂ ಪೆಟ್ರೋಲ್ ಸುರಿಯುತ್ತದೆ. ಬೇಸಿಗೆಯಲ್ಲಿ ಘಟ್ಟ ಹತ್ತಿ ನಿಲ್ಲಿಸಿದ ಜೀಪು ಮತ್ತೆ ಹತ್ತಿಕೊಳ್ಳದಿದ್ದರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದರೆ ಸಾಕು.

ಡೀಸೆಲ್ ಗಾಡಿಯಾದರೆ

ಡೀಸೆಲ್ ಇಂಜಿನ್ನಿಗೆ ಕಿಡಿ ಇಲ್ಲ. ಗಾಳಿಯನ್ನು 16ರಿಂದ 22 ಪಟ್ಟು ಒತ್ತಿ, ಆ ಬಿಸಿಯಲ್ಲೇ ಡೀಸೆಲ್ ಉರಿಯುವಂತೆ ಮಾಡುವುದು ಅದರ ಕ್ರಮ. ಇಲ್ಲಿ ಸೈಲೆನ್ಸರಿನ ಹೊಗೆಯೇ ದಾರಿ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್, ಬ್ಯಾಟರಿಯ ಶಕ್ತಿ, ಕಂಪ್ರೆಶನ್ ನೋಡಿಸಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪುತ್ತಿಲ್ಲ. ಸ್ಟಾಪ್ ಕೇಬಲ್ ಎಳೆದಲ್ಲೇ ಸಿಕ್ಕಿಕೊಂಡಿದೆಯೇ ಎಂದು ಮೊದಲು ನೋಡಿ. ಆಮೇಲೆ ಫಿಲ್ಟರಿನ ತಳದ ನೀರು ಬಿಡಿ.

ಟ್ಯಾಂಕು ಬರಿದಾಗಿದ್ದರೆ ಅಥವಾ ಫಿಲ್ಟರ್ ಬದಲಿಸಿದ್ದರೆ ಡೀಸೆಲ್ ಪಂಪ್‌ಸೆಟ್ಟಿನಂತೆಯೇ ಇದೂ ಏರ್ ಎಳೆದಿರುತ್ತದೆ. ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ, ಬಿಗಿ ಮಾಡಿ. ಹಳೆಯ ಇಂಜಿನ್ನಿನಲ್ಲಿ ಇದಾದ ಮೇಲೆ ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆದು ಏರ್ ತೆಗೆಯುವುದುಂಟು. ಆದರೆ ಈಗಿನ ಕಾಮನ್ ರೈಲ್ ಇಂಜಿನ್ನಿನಲ್ಲಿ ಇದನ್ನು ಸರ್ವಥಾ ಮಾಡಕೂಡದು. ಅದರ ಪೈಪಿನ ಒತ್ತಡ ಸಾವಿರ ಬಾರ್ ಮೀರಬಹುದು. ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಿ ಒಳಹೋಗುತ್ತದೆ.

ಹೊಸ ವಾಹನಗಳಲ್ಲಿ

ಹೊಸ ಪಿಕಪ್, ಕಾರುಗಳಲ್ಲಿ ಪಾಯಿಂಟೂ ಇಲ್ಲ, ಕಾರ್ಬೊರೇಟರೂ ಇಲ್ಲ. ಮೇಲೆ ಹೇಳಿದ ಕಿಡಿ ಪರೀಕ್ಷೆ ಮಾಡಿದರೆ ಬೆಲೆಬಾಳುವ ಕಂಪ್ಯೂಟರ್ ಪೆಟ್ಟಿಗೆಯೇ ಸುಟ್ಟೀತು. ಆದರೂ ನಾವು ನೋಡಬಹುದಾದದ್ದು ಇದೆ. ಪೆಟ್ರೋಲ್ ವಾಹನದಲ್ಲಿ ಕೀಲಿ ತಿರುಗಿಸಿದೊಡನೆ ಹಿಂದಿನ ಸೀಟಿನ ಕಡೆಯಿಂದ ಎರಡು ಕ್ಷಣ ಗುಂಯ್ ಎಂಬ ಸದ್ದು ಬರಬೇಕು. ಅದು ಟ್ಯಾಂಕಿನೊಳಗಿನ ಪಂಪು. ಸದ್ದಿಲ್ಲದಿದ್ದರೆ ಅದರ ಫ್ಯೂಸ್, ರಿಲೇ ನೋಡಿ. ಕೀಲಿಯ ಚಿತ್ರದ ದೀಪ ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಬೀಗ ನಿಮ್ಮ ಕೀಲಿಯನ್ನು ಗುರುತಿಸಿಲ್ಲ. ಎರಡನೆಯ ಕೀಲಿ ಹಾಕಿ ನೋಡಿ. ಬಾನೆಟ್ ಎತ್ತಿ ಇಲಿ ವಯರು ಕಡಿದಿದೆಯೇ ಪರೀಕ್ಷಿಸಿ. ಅಡಿಕೆ ಅಟ್ಟದ ಪಕ್ಕ ನಿಲ್ಲಿಸುವ ನಮ್ಮ ವಾಹನಗಳಿಗೆ ಇದು ದೊಡ್ಡ ಕಾಟ. ಇಷ್ಟಕ್ಕೂ ತಿಳಿಯದಿದ್ದರೆ ಸ್ಕ್ಯಾನರ್ ಇರುವ ಮೆಕ್ಯಾನಿಕ್ಕಿಗೆ ತೋರಿಸುವುದೇ ಸರಿ.

ಹಳ್ಳದಲ್ಲಿ ನಿಂತರೆ

ಹಳ್ಳ ದಾಟುವಾಗ ಇಂಜಿನ್ ನಿಂತುಹೋದರೆ ಸೆಲ್ಫ್ ಹೊಡೆಯಲೇಬೇಡಿ. ಏರ್ ಕ್ಲೀನರ್ ಮೂಲಕ ಸಿಲಿಂಡರಿಗೆ ನೀರು ನುಗ್ಗಿರಬಹುದು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಗಾಡಿಯನ್ನು ಎಳೆಸಿ ದಡಕ್ಕೆ ತಂದು, ಏರ್ ಕ್ಲೀನರ್ ಒದ್ದೆಯಿದ್ದರೆ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿಸಿ ನೀರು ಹೊರಹಾಕಿಸಿದ ಮೇಲೆಯೇ ಸ್ಟಾರ್ಟ್ ಮಾಡಬೇಕು.

ಮಳೆಗಾಲದ ಮುಂಚೆ

ಮೊದಲ ಬೋರ್ಡೋ ಸಿಂಪರಣೆಯ ಹೊತ್ತಿಗೆ ಸ್ಪ್ರೇಯರ್ ಸರಿಮಾಡಿಕೊಳ್ಳುವಂತೆ ಗಾಡಿಯನ್ನೂ ಒಮ್ಮೆ ನೋಡಿಕೊಳ್ಳಿ. ಬ್ಯಾಟರಿ ಟರ್ಮಿನಲ್ ಉಜ್ಜಿ ಗ್ರೀಸು ಹಚ್ಚಿ. ಹಳೆಯ ಜೀಪಿಗೆ ಪಾಯಿಂಟ್, ಕಂಡೆನ್ಸರ್, ಡೆಲ್ಕೊ ಮುಚ್ಚಳ, ಒಂದು ಪ್ಲಗ್. ಡೀಸೆಲ್ ಗಾಡಿಗೆ ಒಂದು ಫಿಲ್ಟರ್. ಎಲ್ಲಕ್ಕೂ ಫ್ಯೂಸು, ಟಾರ್ಚು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಣ ಬಟ್ಟೆ. ಇಷ್ಟು ಸೀಟಿನಡಿ ಇರಲಿ. ಹಗಲು ಬಿಡುವಿದ್ದಾಗ ಮುಚ್ಚಳ ತೆಗೆದು ಹಾಕುವುದನ್ನು ಮನೆಯ ಇನ್ನೊಬ್ಬರಿಗೂ ಕಲಿಸಿಡಿ. ರಾತ್ರಿ ಮಳೆಯಲ್ಲಿ ಬಾಗಿಲು ತಟ್ಟಿದಾಗ ಕಲಿಯಲು ಪುರಸೊತ್ತು ಇರುವುದಿಲ್ಲ.